ಚಳಿಗೆ ಮೂಳೆ ಮುರಿಯೋದಿಲ್ಲ, ಮಕ್ಕಳೇ

ಹೋದ ಧನುರ್ಮಾಸದ ಒಂದು ಬೆಳಗ್ಗೆ, ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು, ಬಂಗಾರಪೇಟೆಯ ನಮ್ಮ ಮನೆ ಮುಂದೆ ನಾನು ಬಿದ್ದೆ. ದೊಡ್ಡ ಬೀಳಾಟವೇನಲ್ಲ. ಹೊಸಿಲು ತೊಳೆದು, ಬಾಗಿಲ ಮುಂದಿನ ಕಲ್ಲುಚಪ್ಪಡಿಗೆ ನೀರು ಚಿಮುಕಿಸಿ, ರಂಗೋಲಿ ಡಬ್ಬಿ ತರೋಣ ಅಂತ ಒಳಗೆ ತಿರುಗಿದೆ, ಅಷ್ಟೆ. ಬರಿಗಾಲು. ಬೆರಳುಗಳು ಚಳಿಗೆ ಮರಗಟ್ಟಿ, ಕೆಳಗಿರುವುದು ಕಲ್ಲೋ ನೀರೋ ಗೊತ್ತಾಗುತ್ತಿರಲಿಲ್ಲ. ಮೈಮೇಲೆ ಶಾಲು, ಶಾಲಿನೊಳಗೆ ಎರಡೂ ಕೈ. ಜಾರಿದಾಗ ಕೈ ಈಚೆ ಬರುವುದು ತಡವಾಯಿತು. ಬಂದ ಒಂದು ಕೈ, ಬಲಗೈ, ಅಂಗೈ ಊರಿಕೊಂಡು ನನ್ನ ಭಾರವನ್ನೆಲ್ಲ ತಾನೇ ಹೊತ್ತಿತು. ‘ಟಕ್’ ಅಂದ ಸದ್ದು ನನಗೇ ಕೇಳಿಸಿತು. ನೋಡಿದರೆ ಮಣಿಕಟ್ಟು ಬೋರಲು ಹಾಕಿದ ಫೋರ್ಕಿನ ಹಾಗೆ ಬಾಗಿತ್ತು.

ಮೂವತ್ತೊಂದು ವರ್ಷ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಒದ್ದೆ ನೆಲದಲ್ಲಿ ಕೂತುಕೊಂಡೇ ನನ್ನ ಮುರಿತಕ್ಕೆ ನಾನೇ ಹೆಸರಿಟ್ಟೆ: ಕಾಲಿಸ್ ಫ್ರ್ಯಾಕ್ಚರ್. ಡಬ್ಲಿನ್‌ನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಇದನ್ನು ಬರೆದಿಟ್ಟದ್ದು 1814ರಲ್ಲಿ, ಎಕ್ಸ್‌ರೇ ಬರುವುದಕ್ಕೆ 81 ವರ್ಷ ಮುಂಚೆ. ಬರೀ ಕೈಯಿಂದ ಮುಟ್ಟಿ ನೋಡಿಯೇ ಕಂಡುಹಿಡಿದ ಪುಣ್ಯಾತ್ಮ. ಎದುರುಮನೆಯಾಕೆ ಓಡಿ ಬಂದು, “ಅಯ್ಯೋ, ನರ್ಸಮ್ಮಾ, ನೀವೇ ಬಿದ್ರಾ!” ಅಂದಳು. ಆ ‘ನೀವೇ’ ಅನ್ನುವುದು ಕೈಗಿಂತ ಹೆಚ್ಚು ನೋಯಿಸಿತು. ಅದಕ್ಕೇ ಈ ಕಿವಿಮಾತು ಬರೆಯುತ್ತಿದ್ದೇನೆ. ಎಡಗೈಯಲ್ಲಲ್ಲ, ಬಲಗೈ ಸರಿಹೋಗಿದೆ.

ಆಮೇಲೆ ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. “ಚಳಿ ನೋಡಿ, ಚಳಿಗೆ ಮೂಳೆ ಗಾಜಿನ ಹಾಗಾಗಿರುತ್ತೆ.” ಇಲ್ಲ ಮಕ್ಕಳೇ. ಹೊರಗೆ ಎಷ್ಟೇ ಕೊರೆಯಲಿ, ನಮ್ಮ ತೊಡೆಮೂಳೆ, ಸೊಂಟದ ಮೂಳೆ ಮಾಂಸದೊಳಗೆ 37 ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗೇ ಇರುತ್ತವೆ. ಅದೂ ನಮ್ಮೂರ ಚಳಿ ಎಷ್ಟರದು? ಪಕ್ಕದ ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಹಿಮ ಬೀಳುವುದಿಲ್ಲ. ಆದರೂ ಡಿಸೆಂಬರ್ ಬಂತೆಂದರೆ ನಮ್ಮ ವಾರ್ಡಿನ ಮಂಚಗಳು ತುಂಬುತ್ತಿದ್ದವು. ಊರುಬೀದಿಗಳಲ್ಲಿ ಹಿಮ ಕಾಣದ ಹಾಂಗ್‌ಕಾಂಗ್, ತೈವಾನ್‌ಗಳಲ್ಲೂ ವಯಸ್ಸಾದವರ ಸೊಂಟದ ಮುರಿತ ಚಳಿಗಾಲದಲ್ಲಿ ಏರುತ್ತದೆ ಎಂದು ಅಲ್ಲಿನ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಅಂಥವರಲ್ಲಿ ಬಹಳ ಮಂದಿ ಬೀಳುವುದು ಬೀದಿಯಲ್ಲಲ್ಲ, ಮನೆಯೊಳಗೆ.

ಹಾಗಾದರೆ ಚಳಿ ಮಾಡುವುದೇನು? ಮನುಷ್ಯನನ್ನು ಬೀಳಿಸುತ್ತದೆ. ಮೂಳೆ ಮುರಿಯುವ ಕೆಲಸ ಅದರದಲ್ಲ, ಅದು ವರ್ಷಗಳಿಂದ ಬೇರೆ ಯಾರ್ಯಾರೋ ಮಾಡಿಟ್ಟಿರುವ ಕೆಲಸ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ಕಲಿತರೆ ನನ್ನ ಮಾತು ಅರ್ಧ ಮುಗಿದ ಹಾಗೆ.

ಮೊದಲು ಬೀಳುವುದನ್ನು ಹೇಳುತ್ತೇನೆ. ನಿಮ್ಮ ಅಜ್ಜಿ ರಾತ್ರಿ ಮೂರು ಗಂಟೆಗೆ ಏಳುತ್ತಾರೆ. ಚಳಿಗೆ ಬೆವರು ಕಡಿಮೆ, ಮೂತ್ರ ಹೆಚ್ಚು. ಒಂದು ಸಲ ಏಳುವವರು ಮೂರು ಸಲ ಏಳುತ್ತಾರೆ. ಬಿಸಿ ಕಂಬಳಿಯೊಳಗಿಂದ ದಡಕ್ಕನೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಬಿ.ಪಿ. ಮಾತ್ರೆ ನುಂಗುವವರಿಗಂತೂ ಇದು ಹೆಚ್ಚು. ದೀಪ ಹಾಕಿದರೆ ನಿಮಗೆಲ್ಲಿ ಎಚ್ಚರವಾಗುತ್ತದೋ ಎಂದು ಕತ್ತಲಲ್ಲೇ ಗೋಡೆ ಸವರಿಕೊಂಡು ಹೋಗುತ್ತಾರೆ. ಬಚ್ಚಲಲ್ಲಿ ರಾತ್ರಿಯ ನೀರು ಇನ್ನೂ ಆರಿಲ್ಲ, ಬೇಸಿಗೆಯಾಗಿದ್ದರೆ ಆರಿರುತ್ತಿತ್ತು. ನಿಮ್ಮ ನಿದ್ದೆ ಕೆಡಬಾರದು ಅನ್ನುವ ಆ ಪ್ರೀತಿಯೇ ನಮ್ಮ ವಾರ್ಡಿಗೆ ಎಷ್ಟು ಜನರನ್ನು ಕಳಿಸಿದೆ ಅಂತ ನನಗೆ ಗೊತ್ತು.

ಪಕ್ಕದ ಕೆಜಿಎಫ್‌ನಲ್ಲಿ, ಅಂದರೆ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಗಣಿ ಕೆಲಸಗಾರರ ಮೈನರ್ಸ್ ಲೈನುಗಳಲ್ಲಿ ಇದು ಇನ್ನೂ ಕಷ್ಟ. ಒಂದೇ ಕೋಣೆ, ತಗಡಿನ ಮಾಡು, ಅಕ್ಕಪಕ್ಕ ಅಂಟಿಕೊಂಡ ಮನೆಗಳು. ಕಕ್ಕಸು ಲೈನಿನ ಕೊನೆಯಲ್ಲಿ ಎಲ್ಲರಿಗೂ ಸೇರಿದ್ದು. ಈಗ ಮನೆಗೊಂದು ಕಟ್ಟಿಕೊಂಡವರಿದ್ದಾರೆ, ಕಟ್ಟಿಕೊಳ್ಳಲು ಜಾಗವೇ ಇಲ್ಲದವರೂ ಇದ್ದಾರೆ. ಎಪ್ಪತ್ತು ದಾಟಿದವರು ಮಂಜಿನಲ್ಲಿ, ಚರಂಡಿ ದಾಟಿ, ಕೈಯಲ್ಲಿ ಬಕೆಟ್ಟು ಹಿಡಿದು ಹೋಗಬೇಕು. ಅಂಥವರಿಗೆ ‘ಹುಷಾರಾಗಿ ಹೋಗಿ’ ಅನ್ನುವುದು ಬಾಯುಪಚಾರ. ಒಂದು ಟಾರ್ಚು, ಹಿಂದೆ ಪಟ್ಟಿಯಿರುವ ಒಂದು ಜೊತೆ ರಬ್ಬರ್ ಚಪ್ಪಲಿ, ರಾತ್ರಿಗೆ ಮಂಚದ ಪಕ್ಕ ಒಂದು ಪಾಟ್ ಕೊಡಿಸಿ. ಪಾಟ್ ಅಂದರೆ ಮುಖ ಸಿಂಡರಿಸಬೇಡಿ. ಸೊಂಟ ಮುರಿದ ಮೇಲೆ ಹೇಗೂ ಬೇಕಾಗುವುದು ಅದೇ.

ಇನ್ನು ಮೂಳೆಯನ್ನು ಒಳಗಿಂದ ಕೆಡಿಸುವವರ ವಿಷಯ, ಅದರಲ್ಲಿ ಮೊದಲನೆಯದು ಗಣಿ. ನಮ್ಮಪ್ಪ ಕೆಜಿಎಫ್‌ನ ನಂದಿದುರ್ಗ ಗಣಿಯಲ್ಲಿದ್ದವರು. ಕೆಜಿಎಫ್ ಗಣಿಗಳ ಆಳ 3 ಕಿ.ಮೀ. ದಾಟಿತ್ತು, ಅಷ್ಟು ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ಮೀರುತ್ತಿತ್ತು. ತಂಪುಗಾಳಿ ಊದದೆ ಅಲ್ಲಿ ಆಳು ನಿಲ್ಲುವಂತಿರಲಿಲ್ಲ. ಅಂಥ ಬೇಯುವ ಜಾಗದಿಂದ ಕೇಜಿನಲ್ಲಿ ಮೇಲೆ ಬಂದು ಡಿಸೆಂಬರಿನ ಗಾಳಿಗೆ ಮೈಯೊಡ್ಡಿದಾಗ ಹಲ್ಲು ಕಟಕಟ ಅನ್ನುತ್ತಿತ್ತು ಅಂತ ಅಪ್ಪ ಹೇಳುತ್ತಿದ್ದರು. ಆಗ ಮೂಳೆ ಮುರಿಯುವುದಕ್ಕೆ ಬೇರೆ ಕಾರಣಗಳಿದ್ದವು. ಒತ್ತಡ ತಾಳದ ಬಂಡೆ ಸಿಡಿಯುತ್ತಿತ್ತು. ಕೆಲಸಗಾರರ ಬಾಯಲ್ಲಿ ಅದು ‘ಏರ್ ಬ್ಲಾಸ್ಟ್’, ಮೇಲಿನ ಮನೆಗಳ ಪಾತ್ರೆಗಳೂ ಅಲುಗುತ್ತಿದ್ದವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಬಂಡೆ ಸಿಡಿಯುವುದು ನಿಂತಿತು ಅಂದುಕೊಂಡೆವು. ಆದರೆ ಗಣಿ ತನ್ನ ಪಾಲಿನ ಮೂಳೆಗಳನ್ನು ಈಗಲೂ ಮುರಿಯುತ್ತಲೇ ಇದೆ. ಹೇಗೆ ಅಂತ ಕೇಳಿ.

ಬಂಡೆಯ ದೂಳು ಶ್ವಾಸಕೋಶ ಹೊಕ್ಕವರು ಚಾಂಪಿಯನ್ ರೀಫ್, ಮಾರಿಕುಪ್ಪಂ, ಊರ್ಗಾಂ ಎಲ್ಲ ಕಡೆ ಇದ್ದಾರೆ. ಸಿಲಿಕೋಸಿಸ್ ಅನ್ನಿ, ‘ದೂಳಿನ ಕಾಯಿಲೆ’ ಅನ್ನಿ. ಚಳಿ ಬಿತ್ತೆಂದರೆ ಅವರ ಕೆಮ್ಮು ಏರುತ್ತದೆ, ಉಬ್ಬಸ ಹಿಡಿಯುತ್ತದೆ. ಆಗ ವೈದ್ಯರು ಕೆಲವು ದಿನಕ್ಕೆಂದು ಸ್ಟೀರಾಯ್ಡ್ ಮಾತ್ರೆ ಬರೆಯುತ್ತಾರೆ. ಅದು ಬೇಕಾದ ಔಷಧಿಯೇ, ಜೀವ ಉಳಿಸುತ್ತದೆ. ಆದರೆ ಮಾತ್ರೆ ನುಂಗಿದ ಮೂರನೇ ದಿನಕ್ಕೆ ಉಸಿರು ಸಲೀಸಾಯಿತು ಅಂತ ತಾತ ಅದೇ ಚೀಟಿ ಹಿಡಿದು ಅಂಗಡಿಗೆ ಹೋಗುತ್ತಾರೆ. ಮುಂದಿನ ತಿಂಗಳೂ ಹೋಗುತ್ತಾರೆ. ಚೀಟಿ ಮಡಿಕೆಗಳಲ್ಲಿ ಹರಿದುಹೋಗುವವರೆಗೂ ಹೋಗುತ್ತಾರೆ. ಹೀಗೆ ತಿಂಗಳಾನುಗಟ್ಟಲೆ ನುಂಗಿದ ಸ್ಟೀರಾಯ್ಡು ಮೂಳೆಯನ್ನು ಒಳಗಿಂದ ಟೊಳ್ಳು ಮಾಡುತ್ತದೆ. ಬೀಳುವುದೂ ಬೇಡ, ಜೋರಾಗಿ ಕೆಮ್ಮಿ ಪಕ್ಕೆಲುಬು ಮುರಿದುಕೊಂಡ ಹಳೆಯ ಗಣಿ ಕೆಲಸಗಾರರಿಗೆ ನಾನೇ ಪಟ್ಟಿ ಕಟ್ಟಿದ್ದೇನೆ. ನಿಮ್ಮ ತಾತನ ಔಷಧಿ ಡಬ್ಬಿ ಒಮ್ಮೆ ಬಿಚ್ಚಿ ನೋಡಿ. ಪ್ರೆಡ್ನಿಸೊಲೋನ್ ಅಂತ ಹೆಸರಿದ್ದು, ಚೀಟಿ ಹಳೆಯದಾಗಿದ್ದರೆ ವೈದ್ಯರಿಗೆ ತೋರಿಸಿ. ನೀವಾಗಿಯೇ ಫಕ್ಕನೆ ನಿಲ್ಲಿಸಬೇಡಿ, ಅದೂ ಅಪಾಯ. ಹಂತಹಂತವಾಗಿ ಇಳಿಸಬೇಕಾದ ಮಾತ್ರೆ ಅದು. ಮೂಳೆಗೆ ಬೇಕಾದ್ದನ್ನು ಜೊತೆಗೆ ಕೊಡಬೇಕೇ ಅಂತಲೂ ಕೇಳಿ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಹೊರರೋಗಿಗಳ ಸಾಲು ಅಷ್ಟು ಉದ್ದ ಇರುತ್ತದೆ.

ಮೂಳೆ ಕೆಡಿಸುವ ಎರಡನೆಯದು ನೀರು. ಗಣಿಯ ಕಾಲದಲ್ಲಿ ಕೆಜಿಎಫ್‌ಗೆ ಪಾಲಾರಿನ ಬೇತಮಂಗಲದ ಕೆರೆಯಿಂದ ನೀರು ಬರುತ್ತಿತ್ತು. ಈಗ ಜಿಲ್ಲೆಯ ಎಷ್ಟೋ ಕಡೆ ಬಾಯಾರಿಕೆಗೆ ಬೋರ್‌ವೆಲ್ಲೇ ಗತಿ, ಸಾವಿರ ಅಡಿಗೂ ಕೆಳಗಿಂದ ಎತ್ತಿದ್ದು. ಅಷ್ಟು ಆಳದ ಕಲ್ಲಿನಲ್ಲಿ ಕೂತ ನೀರು ಫ್ಲೋರೈಡ್ ಹೀರಿಕೊಂಡಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಾಗ 1.5ರ ತನಕ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ಕೋಲಾರ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರಿನ ನೀರು ಅದನ್ನು ದಾಟುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ನೋಡಿದ್ದೀರಲ್ಲ, ಅದು ಹಲ್ಲುಜ್ಜದ ಸೋಮಾರಿತನವಲ್ಲ, ನೀರು ಬರೆದ ಸಹಿ. ಅದೇ ನೀರು ವರ್ಷಗಟ್ಟಲೆ ಕುಡಿದರೆ ಮೂಳೆಯೊಳಕ್ಕೂ ಇಳಿಯುತ್ತದೆ. ವಿಚಿತ್ರ ನೋಡಿ, ಎಕ್ಸ್‌ರೇಯಲ್ಲಿ ಆ ಮೂಳೆ ಮಾಮೂಲಿಗಿಂತ ಬೆಳ್ಳಗೆ, ಗಟ್ಟಿಯಾಗಿ ಕಾಣುತ್ತದೆ. ಆದರೆ ಬೆಲ್ಲದಚ್ಚಿನ ಹಾಗೆ, ಗಟ್ಟಿಯಾಗಿದ್ದೂ ಪೆಟ್ಟಿಗೆ ಚೂರಾಗುತ್ತದೆ. ಕತ್ತು ತಿರುಗಿಸಲಾಗದ, ಬೆನ್ನು ಬಗ್ಗಿಸಲಾಗದ ನಲವತ್ತೈದರ ಹೆಂಗಸರನ್ನು ನೋಡಿ ‘ವಾತ’ ಅಂದುಕೊಂಡು ಸುಮ್ಮನಿದ್ದ ಮನೆಗಳೆಷ್ಟೋ.

ಇಲ್ಲಿ ಚಳಿಗಾಲದ ಒಂದು ತಪ್ಪು ಇದೆ. ಶೀತ ಆಗಬಾರದು ಅಂತ ಎಲ್ಲರ ಮನೆಯಲ್ಲೂ ನೀರು ಕಾಯಿಸುತ್ತೇವೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾಗಿ ಇಂಗಿದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಕುಡಿಯುವುದಕ್ಕೂ ಅಡುಗೆಗೂ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತನ್ನಿ. ಚಳಿ ಅಂತ ಎರಡು ದಿನ ಸೋಮಾರಿತನ ಮಾಡಿ ಬೋರಿನ ನೀರನ್ನೇ ಕಾಯಿಸಿ ಕುಡಿಸಬೇಡಿ. ಆ ಕ್ಯಾನನ್ನು ಹೊತ್ತು ತರುವುದು ಮಾತ್ರ ನಿಮ್ಮ ಕೆಲಸ, ಅಜ್ಜಿಯದಲ್ಲ. ಇಪ್ಪತ್ತು ಲೀಟರ್ ಅಂದರೆ ಇಪ್ಪತ್ತು ಕಿಲೋ. ಸವೆದ ಬೆನ್ನುಮೂಳೆ ಅದನ್ನು ಎತ್ತುವಾಗಲೇ ಕುಸಿಯಬಹುದು.

ಬೆನ್ನುಮೂಳೆ ಕುಸಿದದ್ದು ಎಷ್ಟೋ ಸಲ ಅವರಿಗೇ ಗೊತ್ತಾಗುವುದಿಲ್ಲ. ಸೊಂಟನೋವು ಅಂತ ಮುಲಾಮು ತಿಕ್ಕಿಕೊಂಡು ಇದ್ದುಬಿಡುತ್ತಾರೆ. ಕಂಡುಹಿಡಿಯುವ ನನ್ನದೊಂದು ಉಪಾಯ ಹೇಳಲೇ? ಅಜ್ಜಿಯ ಸೀರೆಯ ಅಂಚು ನೋಡಿ. ಮೂವತ್ತು ವರ್ಷದಿಂದ ಒಂದೇ ರೀತಿ ಉಡುವ ಹೆಂಗಸಿನ ಸೀರೆ ಈಚೆಗೆ ನೆಲ ಗುಡಿಸತೊಡಗಿದರೆ ಸೀರೆ ಉದ್ದವಾಗಿಲ್ಲ, ಅವರು ಕುಳ್ಳಾಗಿದ್ದಾರೆ. ಮುಂದೆ ಆ ಅಂಚೇ ಕಾಲಿಗೆ ತೊಡರಿ ಬೀಳಿಸುತ್ತದೆ. ಅಂಥವರನ್ನು ಕರೆದುಕೊಂಡು ಹೋಗಿ ಮೂಳೆಸಾಂದ್ರತೆಯ ಪರೀಕ್ಷೆ ಮಾಡಿಸಿ.

ಇನ್ನು ಬಿಸಿಲು. ನಮ್ಮವರು ‘ಎಳೆಬಿಸಿಲು ಕಾಯಿಸಿಕೊಳ್ಳಿ’ ಅನ್ನುತ್ತಾರೆ. ಏಳು ಗಂಟೆಯ ಎಳೆಬಿಸಿಲು ಮೈಗೆ ಹಿತ, ಮೂಳೆಗೆ ಹೆಚ್ಚು ಪ್ರಯೋಜನವಿಲ್ಲ. ವಿಟಮಿನ್ ಡಿ ಕೊಡುವ ಕಿರಣ ಆ ಓರೆ ಬಿಸಿಲಿನಲ್ಲಿ ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಕುಳ್ಳಗಿರುವ ಹೊತ್ತೇ ಸರಿಯಾದ ಹೊತ್ತು. ನಮ್ಮೂರಲ್ಲಿ ಜನವರಿಯಲ್ಲೂ ಹನ್ನೊಂದರಿಂದ ಎರಡರವರೆಗೆ ಅಂಥ ಬಿಸಿಲಿರುತ್ತದೆ. ಅಜ್ಜಿ ಆ ಹೊತ್ತಿಗೆ ಸ್ವೆಟರು, ಮಫ್ಲರು, ಕಾಲುಚೀಲ ಎಲ್ಲ ಹಾಕಿಕೊಂಡು ಜಗಲಿಯ ನೆರಳಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾರೆ. ಮೊರವನ್ನು ನಾಲ್ಕು ಅಡಿ ಆಚೆ, ಬಿಸಿಲಿಗೆ ಇಡಿ. ತೋಳು ಮಡಚಿಸಿ. ಅಷ್ಟು ಸಾಕು. ನೀವಂತೂ ಬೆಂಗಳೂರಿನ ಕೆಲಸಕ್ಕೆಂದು ಕತ್ತಲಲ್ಲಿ ರೈಲು ಹತ್ತಿ, ಎಸಿ ಕಟ್ಟಡದಲ್ಲಿ ಕೂತು, ಕತ್ತಲಲ್ಲೇ ವಾಪಸ್ ಬರುವವರು. ಊಟದ ಬಿಡುವಿನಲ್ಲಿ ಕಾಲು ಗಂಟೆ ಹೊರಗೆ ನಡೆಯಿರಿ. ಅಂಗಡಿಯಲ್ಲಿ ಸಿಗುವ 60,000 ಯೂನಿಟ್ಟಿನ ವಿಟಮಿನ್ ಡಿ ಗುಳಿಗೆ ವಾರಕ್ಕೊಂದರಂತೆ ವೈದ್ಯರು ಕೊಡುವಂಥದ್ದು. ಒಳ್ಳೆಯದಲ್ಲವೇ ಅಂತ ದಿನಕ್ಕೊಂದು ನುಂಗಿ ಆಸ್ಪತ್ರೆ ಸೇರಿದವರಿದ್ದಾರೆ.

ತಿನ್ನುವ ವಿಷಯ ಉದ್ದ ಮಾಡುವುದಿಲ್ಲ, ರಾಗಿ ಬೆಳೆಯುವ ಜಿಲ್ಲೆಯವರಿಗೆ ಅದನ್ನು ಹೇಳಬೇಕಾದ್ದೂ ಇಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶವಿದೆ, ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ರಾಗಿಯನ್ನು ಮೊಳಕೆ ಕಟ್ಟಿಸಿ ಹಿಟ್ಟು ಮಾಡಿಸಿದರೆ ಅದು ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಸಂಕ್ರಾಂತಿಯ ಎಳ್ಳು ಕೂಡ ಸುಣ್ಣದ ಗಣಿಯೇ, ಆದರೆ ವರ್ಷಕ್ಕೊಂದು ದಿನ ಒಂದು ಚಿಟಿಕೆ ಬೀರಿದರೆ ಏನಾದೀತು? ಮುದ್ದೆ ಬಿಟ್ಟು ದಿನಾ ಸಂಜೆ ಪಾನಿಪುರಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಹುಡುಗಿಯರಿಗೆ ಮಾತ್ರ ಒಂದು ಮಾತು. ಬಂಗಾರಪೇಟೆ ಪಾನಿಪುರಿಗೆ ನಾನೇನೂ ಶತ್ರುವಲ್ಲ, ಆ ಬಿಳಿ ಪಾನಿಯ ಖಾರಕ್ಕೆ ನನ್ನ ಮೂಗೂ ಸೋರಿದೆ. ಆದರೆ ಮೂಳೆ ಎಂಬ ಉಳಿತಾಯ ಖಾತೆಗೆ ಜಮಾ ಆಗುವುದು ಮೂವತ್ತರ ಒಳಗೆ ಮಾತ್ರ, ಆಮೇಲೆ ಬರೀ ಖರ್ಚು. ಹೆಂಗಸರಿಗೆ ಮುಟ್ಟು ನಿಂತ ಮೊದಲ ಐದಾರು ವರ್ಷ ಆ ಖರ್ಚು ಸುಗ್ಗಿಯ ಮದುವೆಯ ಹಾಗೆ. ನಿಮ್ಮ ಅರವತ್ತನೇ ವಯಸ್ಸಿನ ಮಣಿಕಟ್ಟು ಈಗ, ಇಪ್ಪತ್ತೆರಡರಲ್ಲಿ ತಯಾರಾಗುತ್ತಿದೆ.

ಈಗ ನಿಮ್ಮ ಬೆಳಗಿನ ಓಟದ ವಿಷಯ. ಗಣಿ ಮುಚ್ಚಿದ ಮೇಲೆ ಕೆಜಿಎಫ್ ಬದುಕಿರುವುದೇ ಬೆಂಗಳೂರಿನ ರೈಲಿನ ಮೇಲೆ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್‌ಗಳಲ್ಲಿ ಹತ್ತಿದವರು, ಸುತ್ತಲ ಹಳ್ಳಿಗಳಿಂದ ಬೈಕಿನಲ್ಲಿ ಬಂಗಾರಪೇಟೆ ಜಂಕ್ಷನ್‌ಗೆ ಬರುವವರು, 70 ಕಿ.ಮೀ.ಯೋ ಅದಕ್ಕೂ ಹೆಚ್ಚೋ ಹೋಗಿ ದುಡಿದು ಬರುವ ಮಕ್ಕಳು ನೀವು. ನಿಮ್ಮನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ ಕೆರೆ ಬದಿಯ ರಸ್ತೆಯಲ್ಲಿ ಮಂಜು ಕವಿದಿರುವಾಗ ಬೈಕು ಓಡಿಸುವ ಕೈ, ಗ್ಲೌಸಿಲ್ಲದೆ ಇಪ್ಪತ್ತು ನಿಮಿಷ ಗಾಳಿಗೆ ಒಡ್ಡಿದ ಕೈ, ಬ್ರೇಕನ್ನು ಹಿಡಿಯುವುದು ಒಂದು ಕ್ಷಣ ತಡ. ನನ್ನ ಕೈ ಶಾಲಿನಿಂದ ಈಚೆ ಬರಲು ತಡವಾಯಿತಲ್ಲ, ಅಷ್ಟೇ ತಡ. ಹೆಲ್ಮೆಟ್ಟಿನೊಳಗೆ ದಪ್ಪ ಮಂಕಿ ಕ್ಯಾಪ್ ತುರುಕಿದರೆ ಹೆಲ್ಮೆಟ್ಟು ತಲೆಗೆ ಸರಿಯಾಗಿ ಕೂರುವುದಿಲ್ಲ, ಹಿಂದಿನ ಲಾರಿಯ ಹಾರನ್ನೂ ಕೇಳುವುದಿಲ್ಲ. ಹಿಂದೆ ಕೂತ ಹುಡುಗಿಯರು ಚಳಿಗೆ ಸುತ್ತಿಕೊಂಡ ದುಪಟ್ಟಾದ ತುದಿಯನ್ನು ಒಳಗೆ ಸಿಕ್ಕಿಸಿಕೊಳ್ಳಿ. ಪ್ಲಾಟ್‌ಫಾರ್ಮಿನ ಅಂಚು, ಮೇಲ್ಸೇತುವೆಯ ಕಬ್ಬಿಣದ ಮೆಟ್ಟಿಲು ಇಬ್ಬನಿಗೆ ಎಣ್ಣೆ ಸವರಿದ ಹಾಗಿರುತ್ತವೆ. ಹೊರಟ ರೈಲಿಗೆ ಓಡಿ ನೇತಾಡಿದ ಒಬ್ಬ ಹುಡುಗ ನಮ್ಮ ವಾರ್ಡಿನಲ್ಲಿ ಮೂರು ತಿಂಗಳು ಕಾಲಿಗೆ ತೂಕ ಕಟ್ಟಿಕೊಂಡು ಮಲಗಿದ್ದ. “ಸಿಸ್ಟರ್, ಅವತ್ತು ಲೇಟಾಗಿದ್ರೆ ಅರ್ಧ ದಿನದ ಸಂಬಳ ಹೋಗ್ತಿತ್ತು” ಅಂತ ದಿನಾ ಹೇಳುತ್ತಿದ್ದ. ತೊಂಬತ್ತು ದಿನದ ಸಂಬಳ ಹೋಗಿತ್ತು.

ಹಬ್ಬಗಳೂ ಈ ಚಳಿಯಲ್ಲೇ ಬರುತ್ತವೆ. ಗುಟ್ಟಹಳ್ಳಿಯ ಬಂಗಾರು ತಿರುಪತಿಯಲ್ಲಿ ವೈಕುಂಠ ಏಕಾದಶಿಯ ಕತ್ತಲ ಸಾಲು, ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ಅಭಿಷೇಕದ ನೀರು ಹರಿದ ನೆಲ, ಕ್ರಿಸ್‌ಮಸ್‌ನಲ್ಲಿ ಚಾಂಪಿಯನ್ ರೀಫ್‌ನ ಚರ್ಚಿನ ನಡುರಾತ್ರಿಯ ಪೂಜೆ. ಹಿರಿಯರನ್ನು ಕರೆದೊಯ್ಯಿರಿ, ಬೇಡ ಅನ್ನುವುದಿಲ್ಲ. ಮನೆಯೊಳಗೇ ಕೂರಿಸಿದರೆ ಕಾಲಿನ ಶಕ್ತಿ ಹೋಗಿ ಇನ್ನೂ ಬೇಗ ಬೀಳುತ್ತಾರೆ. ಆದರೆ ಅವರ ಕೈ ನೀವು ಹಿಡಿಯಬೇಡಿ, ನಿಮ್ಮ ತೋಳನ್ನು ಅವರು ಹಿಡಿಯಲಿ. ಈ ವ್ಯತ್ಯಾಸ ನರ್ಸುಗಳಿಗೆ ಗೊತ್ತು. ನೀವು ಹಿಡಿದರೆ ಎಡವಿದಾಗ ಎಳೆಯುತ್ತೀರಿ, ಅವರು ಹಿಡಿದಿದ್ದರೆ ತಾವೇ ಊರಿಕೊಂಡು ನಿಲ್ಲುತ್ತಾರೆ.

ಇಷ್ಟಾಗಿಯೂ ಯಾರಾದರೂ ಬಿದ್ದರೆ? ಎಬ್ಬಿಸಿ ನಿಲ್ಲಿಸಲು ಹೋಗಬೇಡಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿ ಮಲಗಿದ್ದರೆ ಸೊಂಟದ ಮುರಿತವೆಂದೇ ತಿಳಿಯಿರಿ. ಎಣ್ಣೆ ಹಚ್ಚಿ ನೀವಬೇಡಿ, ಎಳೆಯಬೇಡಿ. ಕಂಬಳಿ ಹೊದಿಸಿ, 108ಕ್ಕೆ ಫೋನ್ ಮಾಡಿ. ‘ಪಾಪ, ಒಂದು ಲೋಟ ಕಾಫಿ’ ಅಂತ ಕುಡಿಸಬೇಡಿ, ಆಪರೇಷನ್ನಿಗೆ ಹೊಟ್ಟೆ ಖಾಲಿ ಬೇಕಾಗುತ್ತದೆ. ಕೈ ಮುರಿದಿದ್ದರೆ ದಿನಪತ್ರಿಕೆಯನ್ನು ದಪ್ಪಗೆ ಮಡಿಚಿ ಕೆಳಗಿಟ್ಟು ಕಟ್ಟಿ, ಟವೆಲಿನಲ್ಲಿ ಕತ್ತಿಗೆ ನೇತು ಹಾಕಿ. ಬಳೆ, ಉಂಗುರವನ್ನು ಊತ ಬರುವ ಮುಂಚೆಯೇ ತೆಗೆಯಿರಿ. ನನ್ನ ಬಳೆಗಳನ್ನು ಎದುರುಮನೆಯಾಕೆ ಸೋಪು ಹಚ್ಚಿ ತೆಗೆದಳು, ಒಂದು ಒಡೆಯಿತು.

ಆಕೆಯೇ ಅಂದದ್ದು, “ಮಾವುಕಟ್ಟು ಯಾಕೆ, ಪುತ್ತೂರಿಗೆ ಹೋಗೋಣ.” ನಮ್ಮ ಕೆಜಿಎಫ್ ತಮಿಳರ ಬಾಯಲ್ಲಿ ಪ್ಲಾಸ್ಟರಿಗೆ ಮಾವುಕಟ್ಟು ಅಂತಲೇ ಹೆಸರು, ಹಿಟ್ಟಿನ ಕಟ್ಟು. ಪುತ್ತೂರು ಅಂದರೆ ಆಂಧ್ರದ ಪುತ್ತೂರು. ಸೊಪ್ಪಿನ ರಸ, ಮೊಟ್ಟೆಯ ಬಿಳಿ, ಬಿದಿರ ದಬ್ಬೆಯ ಕಟ್ಟಿಗೆ ಹೆಸರಾದ ಊರು. ಈ ಕಡೆಯ ಜನ ತಲೆಮಾರುಗಳಿಂದ ಹೋಗುತ್ತಾರೆ. ಮೂಳೆ ಜಾಗ ಬಿಟ್ಟು ಸರಿಯದೆ ಬರೀ ಬಿರುಕಾಗಿದ್ದರೆ ಯಾವ ಕಟ್ಟಿನಲ್ಲೂ ಅದು ಕೂಡಿಕೊಳ್ಳುತ್ತದೆ, ಕೂಡಿಸುವುದು ಮೈ. ಸರಿದಿದ್ದರೆ, ಕೀಲಿನೊಳಗೆ ಹೋಗಿದ್ದರೆ, ಚರ್ಮ ಹರಿದು ಮೂಳೆ ಕಂಡರೆ, ಮಕ್ಕಳ ಮೊಣಕೈಯಾದರೆ, ಸೊಂಟವಾದರೆ ಅಲ್ಲಿಗೆ ಒಯ್ಯುವುದು ಹೊತ್ತು ಕಳೆಯುವುದೇ. ನಿಮ್ಮ ನಂಬಿಕೆಯ ಜೊತೆ ನನ್ನ ಜಗಳವಿಲ್ಲ. ಮೊದಲು ಒಂದು ಎಕ್ಸ್‌ರೇ ತೆಗೆಸಿ, ಆಮೇಲೆ ಮಾತಾಡೋಣ. ಕಟ್ಟು ಯಾರದೇ ಇರಲಿ, ಆಸ್ಪತ್ರೆಯದಾದರೂ ಸರಿ, ಬೆರಳ ತುದಿ ನೀಲಿಗಟ್ಟಿದರೆ, ತಣ್ಣಗಾದರೆ, ಜೋಮು ಹಿಡಿದರೆ, ನೋವು ಇಳಿಯುವ ಬದಲು ಏರುತ್ತಲೇ ಹೋದರೆ ಆ ಗಂಟೆಯೇ ಹೋಗಿ ಬಿಚ್ಚಿಸಿ. ಚಳಿಗಾಲದಲ್ಲಿ ‘ಚಳಿಗೆ ಬೆರಳು ತಣ್ಣಗಿದೆ’ ಅಂದುಕೊಂಡು ರಾತ್ರಿ ಕಳೆದವರು ಬೆರಳನ್ನೇ ಕಳೆದುಕೊಂಡದ್ದನ್ನು ನೋಡಿದ್ದೇನೆ. ಇನ್ನೊಂದು ಕೈಯ ಬೆರಳು ಮುಟ್ಟಿ ಹೋಲಿಸಿ ನೋಡಿ. ಅದು ಬೆಚ್ಚಗಿದ್ದರೆ ತಪ್ಪು ಚಳಿಯದಲ್ಲ, ಕಟ್ಟಿನದು.

ಸೊಂಟ ಮುರಿದವರ ಆಪರೇಷನ್ನು ಸಾಧ್ಯವಾದರೆ ಎರಡು ದಿನದೊಳಗೆ ಆಗಬೇಕು. ವಯಸ್ಸಾಯಿತು, ಇನ್ಯಾಕೆ ಕೊಯ್ಯಿಸುವುದು ಅಂತ ಮಲಗಿಸಿಬಿಟ್ಟರೆ ಬೆನ್ನಿನ ಹುಣ್ಣು, ನ್ಯುಮೋನಿಯ, ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೊಂದು ಬರುತ್ತವೆ. ಹಲವು ದೇಶಗಳ ಲೆಕ್ಕದಲ್ಲಿ ಸೊಂಟ ಮುರಿದ ಐವರು ಹಿರಿಯರಲ್ಲಿ ಒಬ್ಬರಾದರೂ ವರ್ಷ ದಾಟುವುದಿಲ್ಲ. ಅದಕ್ಕೇ ಇಷ್ಟು ಮಾತು ಹೇಳಿದೆ.

ನನ್ನ ಪ್ಲಾಸ್ಟರು ಆರು ವಾರಕ್ಕೆ ಬಿಚ್ಚಿದರು. ಧನುರ್ಮಾಸ ಮತ್ತೆ ಬರುತ್ತದೆ, ರಂಗೋಲಿ ಬಿಡುವವಳಲ್ಲ ನಾನು. ಚಪ್ಪಡಿಯ ನುಣುಪು ಹೋಗುವ ಹಾಗೆ ಉಳಿ ಹೊಡೆಸಿದ್ದೇನೆ, ಬಾಗಿಲ ಮೇಲೆ ಒಂದು ಬಲ್ಬು ಹಾಕಿಸಿದ್ದೇನೆ. ಈಗ ಬೆಳಕು ಹರಿದ ಮೇಲೆಯೇ, ಚಪ್ಪಲಿ ಮೆಟ್ಟಿಕೊಂಡೇ ನೀರು ಹಾಕುವುದು. ದೇವರು ಇದುವರೆಗೆ ಆಕ್ಷೇಪಿಸಿಲ್ಲ. ಈ ಭಾನುವಾರ ನಿಮಗೆ ರಜಾ ಅಲ್ಲವೇ? ಅಜ್ಜಿಯ ಬಚ್ಚಲಿನ ಗೋಡೆಗೆ ಅವರು ಹಿಡಿದುಕೊಳ್ಳುವ ಎತ್ತರಕ್ಕೆ ಒಂದು ಸ್ಟೀಲ್ ಕಂಬಿ ಹಾಕಿಸಿ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ, ಡ್ರಿಲ್ಲಿಂಗ್ ಮಾಡುವವರಿಗೆ ಅರ್ಧ ಗಂಟೆಯ ಕೆಲಸ.